ನಕ್ಷತ್ರಗಳ ತವರನ್ನು ಕಂಡ ಸಂಗೀತಗಾರ

ಮಾಗಿಯ ಇರುಳಿನಲ್ಲಿ ಊಟ ಮುಗಿಸಿ ಅಂಗಳಕ್ಕೆ ಬಂದು ತಲೆಯೆತ್ತಿದರೆ ಒಂದೇ ಸಾಲಿನಲ್ಲಿ ಪೋಣಿಸಿದಂತೆ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಕಟ್ಟು. ಅಲ್ಲಿಂದ ದಕ್ಷಿಣಕ್ಕೆ ಇಳಿಬಿದ್ದ ಅವನ ಕತ್ತಿಯಲ್ಲಿಯೂ ಮಂಕಾದ ಕೆಲವು ಚುಕ್ಕೆಗಳುಂಟು. ಅವುಗಳಲ್ಲಿ ನಡುವಿನದನ್ನು ಸ್ವಲ್ಪ ಹೊತ್ತು ದಿಟ್ಟಿಸಿದವರಿಗೆ ಅದು ಉಳಿದ ನಕ್ಷತ್ರಗಳಂತೆ ಚೂಪಾದ ಬಿಂದುವಾಗಿ ತೋರದೆ, ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಮೂಡುವ ಮಬ್ಬಿನಂತೆ ತೋರುತ್ತದೆ. ಅದೊಂದು ನೀಹಾರಿಕೆ, ನಕ್ಷತ್ರಗಳು ಹುಟ್ಟುವ ಸೂತಿಕಾಗೃಹ. ಇಂದು ಶಾಲೆಯ ಬಾಲಕನೂ ಓದಿ ತಿಳಿದಿರುವ ಈ ಸಂಗತಿಯನ್ನು ಸಾವಿರಾರು ರಾತ್ರಿಗಳ ವೀಕ್ಷಣೆಯ ಆಧಾರದ ಮೇಲೆ ಮೊದಲು ನಿಲ್ಲಿಸಿದವನು ಒಬ್ಬ ಸಂಗೀತಗಾರ. ಹಾಗೆ ನಿಲ್ಲಿಸುವ ಮುನ್ನ ಅವನು ಲೋಕದ ಮುಂದೆ ಸಾರಿದ್ದ ತನ್ನದೇ ಸಿದ್ಧಾಂತವೊಂದನ್ನು ಕೈಯಾರೆ ಕೆಡವಬೇಕಾಯಿತು. ವಿಲಿಯಂ ಹರ್ಷೆಲನೆಂದರೆ ಯುರೇನಸ್ ಗ್ರಹವನ್ನು ಕಂಡವನೆಂದು ಎಲ್ಲರೂ ಬಲ್ಲರು. ಆ ಗೆಲುವಿಗಿಂತ ಹಿರಿದಾದುದು ಅವನು ಒಪ್ಪಿಕೊಂಡ ಈ ಸೋಲು.

ಹರ್ಷೆಲನು ಹುಟ್ಟಿದುದು ೧೭೩೮ನೆಯ ಇಸವಿ ನವೆಂಬರ್ ೧೫ರಂದು, ಜರ್ಮನಿಯ ಹ್ಯಾನೋವರ್ ನಗರದಲ್ಲಿ. ತಂದೆ ಐಸಾಕನು ಅಲ್ಲಿನ ಕಾವಲು ಪಡೆಯ ವಾದ್ಯಮೇಳದಲ್ಲಿ ಓಬೋ ಎಂಬ ಸುಷಿರವಾದ್ಯವನ್ನು ನುಡಿಸುತ್ತಿದ್ದವನು. ಸಂಬಳ ಅಲ್ಪ, ಸಂಸಾರ ದೊಡ್ಡದು. ಆದರೂ ಆ ಮನೆಯಲ್ಲಿ ಸಂಗೀತಕ್ಕೂ ಸದ್ವಿಚಾರಕ್ಕೂ ಬಡತನವಿರಲಿಲ್ಲ. ರಾತ್ರಿಯ ವೇಳೆ ತಂದೆಮಕ್ಕಳು ನ್ಯೂಟನ್ ಲೈಬ್‌ನಿಟ್ಸರ ವಿಷಯವಾಗಿ ವಾದಕ್ಕೆ ತೊಡಗಿ ಧ್ವನಿ ಏರಿಸಿದರೆ, ಮಲಗಿದ ಕೂಸುಗಳಿಗೆ ಎಚ್ಚರವಾದೀತೆಂದು ತಾಯಿಯು ಅಡ್ಡ ಬರಬೇಕಾಗುತ್ತಿತ್ತು. ಐಸಾಕನಿಗೆ ಆಕಾಶದ ಮೇಲೂ ಒಲವು. ಚಳಿಗಾಲದ ಶುಭ್ರವಾದ ಒಂದು ರಾತ್ರಿ ಅವನು ತನ್ನ ಪುಟ್ಟ ಮಗಳು ಕ್ಯಾರೊಲಿನಳನ್ನು ಬೀದಿಗೆ ಕರೆದೊಯ್ದು ನಕ್ಷತ್ರಪುಂಜಗಳನ್ನು ತೋರಿಸಿದುದುಂಟು. ಆ ಮಗಳು ಈ ಕತೆಯಲ್ಲಿ ಮುಂದೆ ದೊಡ್ಡ ಪಾತ್ರವನ್ನು ವಹಿಸುವವಳು.

ಹದಿನಾಲ್ಕನೆಯ ವಯಸ್ಸಿಗೆ ವಿಲಿಯಂ ತಾನೂ ತಂದೆಯ ಮೇಳವನ್ನು ಸೇರಿದನು. ೧೭೫೭ರಲ್ಲಿ ಫ್ರೆಂಚರೊಡನೆ ಯುದ್ಧ ನಡೆದು ಹ್ಯಾನೋವರಿನ ಕಡೆಯವರು ಹಾಸ್ಟೆನ್‌ಬೆಕ್ ಎಂಬಲ್ಲಿ ಸೋತರು. ಕೊಳಲನ್ನು ಹಿಡಿಯಬೇಕಾದ ಹುಡುಗನು ಗುಂಡಿನ ಮಳೆಯಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲವೆಂದು ತಂದೆಗೇ ಅನ್ನಿಸಿತು. ಆ ವರ್ಷದ ಕೊನೆಗೆ ವಿಲಿಯಂ ತನ್ನ ಅಣ್ಣನೊಡನೆ ಇಂಗ್ಲೆಂಡಿಗೆ ಬಂದಿಳಿದನು. ಆಗ ಅವನ ವಯಸ್ಸು ಹತ್ತೊಂಬತ್ತು. ಕೈಯಲ್ಲಿ ಹಣವಿಲ್ಲ, ನಾಲಗೆಗೆ ಆ ನಾಡಿನ ಮಾತು ಹೊಸತು. ಇತರರ ಸ್ವರಲಿಪಿಯನ್ನು ಪ್ರತಿಮಾಡಿ ಕೊಟ್ಟು ಹೊಟ್ಟೆ ಹೊರೆದನು. ಉತ್ತರದ ಊರುಗಳಲ್ಲಿ ಪಾಠ ಹೇಳಿ ಕುದುರೆಯ ಮೇಲೆ ಊರಿಂದೂರಿಗೆ ಅಲೆದನು. ಇಪ್ಪತ್ತನಾಲ್ಕು ಸಿಂಫನಿಗಳನ್ನು ರಚಿಸಿದನು. ೧೭೬೬ರಲ್ಲಿ ಬಾತ್ ಎಂಬ ವಿಲಾಸನಗರದ ಆಕ್ಟಗನ್ ಪ್ರಾರ್ಥನಾಮಂದಿರಕ್ಕೆ ಆರ್ಗನ್ ವಾದಕನಾಗಿ ನೇಮಕಗೊಂಡ ಮೇಲೆ ಅವನ ಅಲೆದಾಟ ನಿಂತಿತು.

ಇತ್ತ ಹ್ಯಾನೋವರಿನಲ್ಲಿ ಕ್ಯಾರೊಲಿನಳ ಬಾಳು ಮುರುಟಿಹೋಗುವುದರಲ್ಲಿದ್ದಿತು. ೧೭೫೦ರಲ್ಲಿ ಹುಟ್ಟಿದ ಅವಳ ಮುಖದ ಮೇಲೆ ಸಿಡುಬು ಕಲೆಗಳನ್ನು ಉಳಿಸಿ ಹೋಗಿತ್ತು. ಹತ್ತನೆಯ ವರ್ಷದಲ್ಲಿ ಬಂದ ವಿಷಮಜ್ವರವು ಬೆಳವಣಿಗೆಯನ್ನೇ ತಡೆದು, ಆಕೆಯ ಎತ್ತರ ನಾಲ್ಕು ಅಡಿ ಮೂರು ಅಂಗುಲಕ್ಕೆ ನಿಂತಿತು. ತಂದೆ ತೀರಿಕೊಂಡ ಮೇಲೆ ಅವಳನ್ನು ಮನೆಯ ಚಾಕರಿಗೇ ಮೀಸಲಾಗಿಡಬೇಕೆಂಬುದು ತಾಯಿಯ ನಿಶ್ಚಯ. ೧೭೭೨ರಲ್ಲಿ ವಿಲಿಯಂ ಊರಿಗೆ ಹೋಗಿ, ತಂಗಿಯ ಬದಲು ಆಳನ್ನು ಇಟ್ಟುಕೊಳ್ಳಲು ವರ್ಷಾಶನದ ಏರ್ಪಾಡು ಮಾಡಿ, ಅವಳನ್ನು ಬಾತ್ ನಗರಕ್ಕೆ ಕರೆತಂದನು. ಹಾಡುಗಾರ್ತಿಯನ್ನಾಗಿ ಮಾಡುವುದು ಅವನ ಉದ್ದೇಶ. ಹಾಡುಗಾರ್ತಿಯೇನೋ ಅವಳು ಆದಳು; ಹ್ಯಾಂಡೆಲನ ಕೃತಿಗಳಲ್ಲಿ ಮುಖ್ಯ ಗಾಯಕಿಯಾಗಿ ಮೆಚ್ಚುಗೆಯನ್ನೂ ಪಡೆದಳು. ಅಷ್ಟರೊಳಗೆ ಅಣ್ಣನಿಗೆ ಬೇರೊಂದು ಹುಚ್ಚು ಹಿಡಿದಿತ್ತು.

ಆ ಹುಚ್ಚಿಗೆ ಬಾಗಿಲು ತೆರೆದುದೂ ಸಂಗೀತವೇ. ಸ್ವರಶಾಸ್ತ್ರವನ್ನು ಕುರಿತು ರಾಬರ್ಟ್ ಸ್ಮಿತ್ ಎಂಬ ಪಂಡಿತನು ಬರೆದ ಗ್ರಂಥವನ್ನು ಓದಿ ಮೆಚ್ಚಿದ ಹರ್ಷೆಲನು ಅದೇ ಗ್ರಂಥಕರ್ತನ ದೃಗ್ವಿಜ್ಞಾನದ ಪುಸ್ತಕವನ್ನೂ ಕೈಗೆತ್ತಿಕೊಂಡನು. ಅದರಲ್ಲಿ ದೂರದರ್ಶಕವನ್ನು ಮಾಡುವ ವಿಧಾನವಿದ್ದಿತು. ಕೊಳ್ಳಹೋದರೆ ದೊಡ್ಡ ಉಪಕರಣದ ಬೆಲೆ ಕೈಗೆ ನಿಲುಕದು. ೧೭೭೩ರಲ್ಲಿ ಅವನು ತಾನೇ ದರ್ಪಣವನ್ನು ಉಜ್ಜಲು ಕುಳಿತನು. ತಾಮ್ರ ತವರಗಳನ್ನು ಕರಗಿಸಿ ಬೆರೆಸಿ, ಎರಕ ಹೊಯ್ದು, ಆ ಬಿಲ್ಲೆಯನ್ನು ಒಳಬಾಗಿದ ಕನ್ನಡಿಯಾಗುವಂತೆ ತೇಯುವ ಕೆಲಸವದು. ಕೊನೆಯ ಹೊಳಪು ಕೊಡುವಾಗ ಕೈಯನ್ನು ಎತ್ತುವಂತಿಲ್ಲ. ಒಮ್ಮೆ ಹದಿನಾರು ಗಂಟೆಗಳ ಕಾಲ ಅವನು ಕುಳಿತಲ್ಲಿಂದ ಏಳಲಿಲ್ಲ. ತಂಗಿಯೇ ತುತ್ತು ಮಾಡಿ ಬಾಯಿಗೆ ಇಟ್ಟಳು, ಬೇಸರ ಕಳೆಯಲು ಅರೇಬಿಯದ ಕತೆಗಳನ್ನು ಓದಿ ಹೇಳಿದಳು. ಅತಿಥಿಗಳ ಕೋಣೆ ಬಡಗಿಯ ಅಂಗಡಿಯಾಯಿತು. ಮಲಗುವ ಕೋಣೆಯಲ್ಲಿ ಚರಕಿಯಂತ್ರ ತಿರುಗಿತು. ನೆಲಮಾಳಿಗೆಯಲ್ಲಿ ದೊಡ್ಡ ದರ್ಪಣವೊಂದನ್ನು ಎರಕ ಹೊಯ್ಯುತ್ತಿದ್ದಾಗ ಕುಲುಮೆ ಸೋರಿ, ಕುದಿಯುವ ಲೋಹವು ನೆಲಕ್ಕೆ ಹರಿದು, ಕಾದ ಹಾಸುಗಲ್ಲುಗಳು ಸಿಡಿದು ಮಾಡಿಗೆ ಬಡಿದವು. ಎಲ್ಲರೂ ಓಡಿ ಜೀವ ಉಳಿಸಿಕೊಂಡರು.

೧೭೭೪ರ ಮಾರ್ಚ್ ತಿಂಗಳಲ್ಲಿ ಅವನ ವೀಕ್ಷಣೆಯ ದಿನಚರಿ ಆರಂಭವಾಗುತ್ತದೆ. ಅದರ ಮೊದಲ ಬರಹಗಳಲ್ಲಿಯೇ ಮಹಾವ್ಯಾಧನ ಕತ್ತಿಯಲ್ಲಿರುವ ಆ ಮಬ್ಬಿನ ಪ್ರಸ್ತಾಪವಿದೆ. ತಾನು ಕಂಡ ಆಕಾರವು ಸ್ಮಿತ್ತನ ಪುಸ್ತಕದ ಚಿತ್ರಕ್ಕೆ ಹೊಂದುವುದಿಲ್ಲವೆಂದು ಅವನಿಗೆ ತೋರಿತು. ಹಾಗಾದರೆ ಆಕಾಶದಲ್ಲಿಯೂ ಬದಲಾವಣೆಯುಂಟೆ? ಸ್ಥಿರವೆಂದು ಹೆಸರಾದ ನಕ್ಷತ್ರಲೋಕದಲ್ಲಿ ಹುಟ್ಟು ಬೆಳವಣಿಗೆಗಳುಂಟೆ? ಈ ಪ್ರಶ್ನೆ ಅಂದು ಅವನ ಮನಸ್ಸಿನಲ್ಲಿ ಬೇರುಬಿಟ್ಟಿತು. ಅದಕ್ಕೆ ಸಮಾಧಾನವನ್ನು ಹುಡುಕುವುದರಲ್ಲಿ ಮುಂದಿನ ನಲವತ್ತು ವರ್ಷಗಳು ಕಳೆದವು.

ನಡುವೆ ಕೀರ್ತಿಯು ಕರೆಯದೆ ಬಂದಿತು. ೧೭೮೧ರ ಮಾರ್ಚ್ ೧೩ರ ರಾತ್ರಿ, ಬಾತ್ ನಗರದ ತನ್ನ ಮನೆಯ ಹಿತ್ತಲಿನಲ್ಲಿ, ಏಳು ಅಡಿಯ ದೂರದರ್ಶಕದಿಂದ ನೋಡುತ್ತಿದ್ದಾಗ ನಕ್ಷತ್ರಗಳ ನಡುವೆ ಬಿಂದುವಾಗಿರದೆ ಬಿಲ್ಲೆಯಂತಿದ್ದ ಒಂದು ಕಾಯವನ್ನು ಹರ್ಷೆಲನು ಕಂಡನು. ಧೂಮಕೇತುವೆಂದು ಬಗೆದನು. ಗಣಿತಜ್ಞರು ಅದರ ಪಥವನ್ನು ಲೆಕ್ಕಹಾಕಿದಾಗ ಅದು ಶನಿಯಿಂದಾಚೆಗೆ ಸುತ್ತುವ ಹೊಸ ಗ್ರಹವೆಂದು ತಿಳಿಯಿತು. ಸೌರವ್ಯೂಹದ ಎಲ್ಲೆ ಒಮ್ಮೆಗೇ ಇಮ್ಮಡಿಯಾಯಿತು. ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನು ಕೊಟ್ಟು ಸದಸ್ಯನನ್ನಾಗಿ ಮಾಡಿಕೊಂಡಿತು. ೧೭೮೨ರಲ್ಲಿ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ ೨೦೦ ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಸಂಗೀತದಿಂದ ಅದರ ಸುಮಾರು ಎರಡರಷ್ಟು ಸಂಪಾದನೆ ಬರುತ್ತಿತ್ತು. ಹರ್ಷೆಲನು ಹೆಚ್ಚು ಯೋಚಿಸಲಿಲ್ಲ. ಪಾಠಗಳನ್ನು ಬಿಟ್ಟು, ವಿಂಡ್ಸರ್ ಅರಮನೆಯ ಸಮೀಪದ ಡ್ಯಾಚೆಟ್ ಎಂಬ ಹಳ್ಳಿಗೆ, ಅಲ್ಲಿಂದ ಕೆಲವು ವರ್ಷಗಳ ಮೇಲೆ ಸ್ಲೌ ಎಂಬಲ್ಲಿಗೆ ವಾಸವನ್ನು ಬದಲಿಸಿದನು. ಕೊರತೆಯನ್ನು ದೂರದರ್ಶಕಗಳನ್ನು ಮಾಡಿ ಮಾರಿ ತುಂಬಿಕೊಂಡನು. ಕ್ಯಾರೊಲಿನಳ ಹಾಡು ಬಾತ್ ನಗರದಲ್ಲಿಯೇ ಉಳಿಯಿತು.

ಆ ಕಾಲಕ್ಕೆ ನೀಹಾರಿಕೆಗಳೆಂದರೆ ಖಗೋಲಜ್ಞರಿಗೆ ಒಂದು ಉಪದ್ರವವಾಗಿದ್ದಿತು. ಪ್ಯಾರಿಸ್ಸಿನ ಷಾರ್ಲ್ ಮೆಸಿಯೇ ಎಂಬ ಧೂಮಕೇತುಬೇಟೆಗಾರನು, ಧೂಮಕೇತುಗಳೆಂದು ಭ್ರಮೆ ಹುಟ್ಟಿಸುವ ಈ ಮಬ್ಬುಗಳಿಂದ ಮೋಸಹೋಗಬಾರದೆಂದು, ನೂರಕ್ಕೆ ಮೇಲ್ಪಟ್ಟ ಅವುಗಳ ಪಟ್ಟಿಯನ್ನು ಸಿದ್ಧಪಡಿಸಿದ್ದನು. ೧೭೮೧ರ ಕೊನೆಗೆ ಆ ಪಟ್ಟಿ ಹರ್ಷೆಲನ ಕೈಸೇರಿತು. ಮೆಸಿಯೇ ದೂರವಿಡಬಯಸಿದ ವಸ್ತುಗಳನ್ನು ಹರ್ಷೆಲನು ಹುಡುಕಿಕೊಂಡು ಹೋದನು. ೧೭೮೩ರಲ್ಲಿ ಇಪ್ಪತ್ತು ಅಡಿ ಉದ್ದದ, ಹದಿನೆಂಟು ಅಂಗುಲಕ್ಕೂ ಮಿಕ್ಕ ಅಗಲದ ದರ್ಪಣವುಳ್ಳ ದೂರದರ್ಶಕವು ಸಿದ್ಧವಾಯಿತು. ಅಂದಿನಿಂದ ೧೮೦೨ರವರೆಗೆ, ಮೋಡವಿಲ್ಲದ, ಬೆಳುದಿಂಗಳಿಲ್ಲದ ಪ್ರತಿಯೊಂದು ರಾತ್ರಿಯೂ ಆಕಾಶವನ್ನು ಗುಡಿಸುವ ಕಾಯಕ ನಡೆಯಿತು.

ಗುಡಿಸುವುದೆಂಬ ಮಾತು ಅವನದೇ. ದೂರದರ್ಶಕವನ್ನು ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸಿ, ಮೇಲಕ್ಕೂ ಕೆಳಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತ, ಭೂಮಿಯ ತಿರುಗುವಿಕೆಯಿಂದ ಆಕಾಶವೇ ಪಟ್ಟೆಪಟ್ಟೆಯಾಗಿ ಕಣ್ಣಮುಂದೆ ಸರಿದುಹೋಗುವಂತೆ ಮಾಡುವ ವಿಧಾನವದು. ಹರ್ಷೆಲನು ಕತ್ತಲಲ್ಲಿ ಎತ್ತರದ ಅಟ್ಟದ ಮೇಲೆ ನಿಂತಿರುವನು. ಕತ್ತಲೆಗೆ ಪಳಗಿದ ಕಣ್ಣು ದೀಪವನ್ನು ಕಂಡರೆ ಮತ್ತೆ ಪಳಗಲು ಬಹಳ ಹೊತ್ತು ಬೇಕು. ಆದುದರಿಂದ ಬರೆಯುವ ಕೆಲಸ ಅವನಿಂದಾಗದು. ಕೆಳಗೆ ಕಿಟಕಿಯ ಬಳಿ ಮಂದದೀಪದ ಮುಂದೆ ಗಡಿಯಾರವನ್ನೂ ನಕ್ಷತ್ರಪಟವನ್ನೂ ಇಟ್ಟುಕೊಂಡು ಕ್ಯಾರೊಲಿನಳು ಕುಳಿತಿರುವಳು. ಅವನು ಮೇಲಿನಿಂದ ಕಂಡುದನ್ನು ಕೂಗಿ ಹೇಳಬೇಕು. ಅವಳು ಕಾಲವನ್ನೂ ಸ್ಥಾನವನ್ನೂ ಬರೆದುಕೊಂಡು ತಿರುಗಿ ಓದಿ ಹೇಳಬೇಕು. ಹಗಲು ಅದೆಲ್ಲವನ್ನೂ ಲೆಕ್ಕಹಾಕಿ ಶುದ್ಧಪ್ರತಿ ಮಾಡುವವಳೂ ಅವಳೇ. ಒಂದು ರಾತ್ರಿ ಕೋಣೆಯೊಳಗಣ ಮಸಿ ಹೆಪ್ಪುಗಟ್ಟಿತು, ಚಳಿಗೆ ದರ್ಪಣವೇ ಎರಡು ಹೋಳಾಯಿತು. ೧೭೮೩ರ ಕೊನೆಯ ರಾತ್ರಿ ಹಿಮದ ಮೇಲೆ ಓಡುತ್ತ ಕ್ಯಾರೊಲಿನಳು ಜಾರಿಬಿದ್ದು, ಕಬ್ಬಿಣದ ಕೊಕ್ಕೆಯೊಂದು ಅವಳ ತೊಡೆಗೆ ನಾಟಿತು. ಗಾಯ ಮಾಯುವ ಮುನ್ನವೇ ಅವಳು ಮತ್ತೆ ಕಿಟಕಿಯ ಬಳಿ ಬಂದು ಕುಳಿತಳು. ಅಣ್ಣನು ಊರಲ್ಲಿಲ್ಲದ ದಿನಗಳಲ್ಲಿ ತಾನೇ ಆಕಾಶವನ್ನು ಶೋಧಿಸಿ ೧೭೮೬ರಿಂದ ೧೭೯೭ರೊಳಗೆ ಎಂಟು ಧೂಮಕೇತುಗಳನ್ನು ಕಂಡಳು. ೧೭೮೭ರಲ್ಲಿ ದೊರೆಯು ಅವಳಿಗೆ ವರ್ಷಕ್ಕೆ ೫೦ ಪೌಂಡುಗಳನ್ನು ಗೊತ್ತುಮಾಡಿದನು.

ಈ ಇಬ್ಬರ ದುಡಿಮೆಯಿಂದ ೧೭೮೬ರಲ್ಲಿ ಒಂದು ಸಾವಿರ, ೧೭೮೯ರಲ್ಲಿ ಇನ್ನೊಂದು ಸಾವಿರ, ೧೮೦೨ರಲ್ಲಿ ಐನೂರು, ಒಟ್ಟು ಎರಡೂವರೆ ಸಾವಿರ ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿ ಲೋಕಕ್ಕೆ ದೊರೆಯಿತು. ಆದರೆ ಎಣಿಸಿದ ಮಾತ್ರಕ್ಕೆ ತಿಳಿದಂತಾಯಿತೆ? ಈ ಮಬ್ಬುಗಳು ಏನು?

ಹರ್ಷೆಲನು ಕೊಟ್ಟ ಮೊದಲ ಉತ್ತರ ಧೀರವಾಗಿದ್ದಿತು. ಸಣ್ಣ ದೂರದರ್ಶಕಕ್ಕೆ ಮಬ್ಬಾಗಿ ಕಂಡ ಎಷ್ಟೋ ನೀಹಾರಿಕೆಗಳು ಅವನ ದೊಡ್ಡ ದರ್ಪಣದಲ್ಲಿ ಸಾವಿರಾರು ನಕ್ಷತ್ರಗಳಾಗಿ ಒಡೆದು ತೋರಿದುವು. ದೂರದಿಂದ ಹಸಿರು ಹಾಸಿನಂತೆ ಕಂಡ ಗದ್ದೆಯು ಹತ್ತಿರ ಹೋದಾಗ ಬಿಡಿಬಿಡಿ ಪೈರಾಗುವಂತೆ. ಒಡೆಯದೆ ಉಳಿದವು ಇನ್ನೂ ದೂರದಲ್ಲಿರುವುದರಿಂದ ಮಾತ್ರವೇ ಮಬ್ಬಾಗಿ ಕಾಣುತ್ತವೆಂದು ಅವನು ತರ್ಕಿಸಿದನು. ೧೭೮೫ರ ಪ್ರಬಂಧದಲ್ಲಿ ಎಲ್ಲ ನೀಹಾರಿಕೆಗಳೂ ನಕ್ಷತ್ರಸಮೂಹಗಳೇ ಎಂದೂ, ಅವುಗಳಲ್ಲಿ ಕೆಲವು ನಮ್ಮ ಆಕಾಶಗಂಗೆಯಂತಹ, ಅದಕ್ಕಿಂತಲೂ ಹಿರಿದಾದ ನಕ್ಷತ್ರದ್ವೀಪಗಳೆಂದೂ ಸಾರಿದನು. ಯೂರೋಪು ಬೆರಗಾಯಿತು. ಉಳಿದ ಮಬ್ಬುಗಳನ್ನೂ ಒಡೆದು ತೋರಿಸಲು ಇನ್ನೂ ದೊಡ್ಡ ಕಣ್ಣು ಬೇಕಾಗಿತ್ತು. ದೊರೆಯು ಒಟ್ಟು ೪೦೦೦ ಪೌಂಡುಗಳನ್ನು ಕೊಟ್ಟನು. ನಲವತ್ತು ಅಡಿ ಉದ್ದದ ಕೊಳವೆ, ನಾಲ್ಕು ಅಡಿ ಅಗಲದ ದರ್ಪಣ, ಅದನ್ನು ಎತ್ತಿ ತಿರುಗಿಸಲು ಮನೆಗಿಂತ ಎತ್ತರದ ಮರದ ಚೌಕಟ್ಟು. ಕೆಲಸ ನಡೆಯುತ್ತಿದ್ದಾಗ ದೊರೆಯು ಧರ್ಮಾಧ್ಯಕ್ಷನನ್ನು ಕೈಹಿಡಿದು ಆ ಕೊಳವೆಯೊಳಗೆ ನಡೆಸಿಕೊಂಡು ಹೋದನಂತೆ. ೧೭೮೯ರಲ್ಲಿ ಅದು ಪೂರ್ಣವಾಗಿ, ಶನಿಯ ಎರಡು ಹೊಸ ಉಪಗ್ರಹಗಳನ್ನು ತೋರಿಸಿತು.

ಅದೇ ವರ್ಷ ಅವನು ಒಂದು ಸೊಗಸಾದ ಹೋಲಿಕೆಯನ್ನು ಮುಂದಿಟ್ಟನು. ಒಂದು ಗಿಡದ ಆಯುಷ್ಯವನ್ನೆಲ್ಲ ಕಾದು ನೋಡಲು ನಮಗೆ ಕಾಲವಿಲ್ಲದಿದ್ದರೂ, ತುಂಬಿದ ತೋಟದಲ್ಲಿ ಒಂದು ಸುತ್ತು ಬಂದರೆ ಮೊಳಕೆ, ಸಸಿ, ಹೂ, ಕಾಯಿ, ಒಣಗಿದ ಕಾಂಡ ಎಲ್ಲವೂ ಒಂದೇ ದಿನ ಕಣ್ಣಿಗೆ ಬೀಳುತ್ತವೆ. ಆಕಾಶವೂ ಅಂತಹ ತೋಟವೇ ಎಂದು ಅವನು ಬಗೆದನು. ಚದರಿದ ಗುಚ್ಛಗಳು ಎಳೆಯವು, ಗುರುತ್ವಾಕರ್ಷಣೆಯಿಂದ ಒತ್ತಾಗಿ ನೆರೆದವು ಹಳೆಯವು. ಮನುಷ್ಯನ ಆಯುಷ್ಯಕ್ಕೆ ನಿಲುಕದ ಕಾಲವನ್ನು ಅಳೆಯಲು ಅವನು ಕಂಡುಕೊಂಡ ಈ ಉಪಾಯವನ್ನು ಖಗೋಲಶಾಸ್ತ್ರವು ಇಂದಿಗೂ ಬಿಟ್ಟಿಲ್ಲ. ಆದರೆ ಆ ತೋಟದಲ್ಲಿ ಬೀಜ ಯಾವುದೆಂಬುದು ಇನ್ನೂ ಅವನಿಗೆ ಗೋಚರಿಸಿರಲಿಲ್ಲ.

೧೭೯೦ರ ನವೆಂಬರ್ ೧೩. ಹರ್ಷೆಲನಿಗೆ ಐವತ್ತೆರಡು ತುಂಬಲು ಎರಡೇ ದಿನ ಉಳಿದಿದ್ದವು. ಎಂದಿನಂತೆ ಆಕಾಶವನ್ನು ಗುಡಿಸುತ್ತಿದ್ದಾಗ ವೃಷಭ ರಾಶಿಯಲ್ಲಿ ಒಂದು ವಿಚಿತ್ರ ಕಾಣಿಸಿತು. ಸಾಮಾನ್ಯವಾದ ಒಂದು ನಕ್ಷತ್ರ; ಅದರ ಸುತ್ತಲೂ ಚಂದ್ರನಿಗೆ ಕಟ್ಟಿದ ಕೊಡೆಯಂತೆ ದುಂಡನೆಯ ಮಸುಕು ಬೆಳಕು. ನಕ್ಷತ್ರವು ಸರಿಯಾಗಿ ನಡುಮಧ್ಯದಲ್ಲಿದ್ದುದರಿಂದ ಎರಡಕ್ಕೂ ಸಂಬಂಧವಿರಲೇಬೇಕು. ಈಗ ಅವನ ಸಿದ್ಧಾಂತವನ್ನು ಅನ್ವಯಿಸಿ ನೋಡೋಣ. ಸುತ್ತಣ ಮಬ್ಬು ಬಹುದೂರದ ನಕ್ಷತ್ರಗಳ ಸಮೂಹವಾದರೆ, ಅಷ್ಟೇ ದೂರದಲ್ಲಿದ್ದೂ ಬೆಳಗಿ ಕಾಣುವ ನಡುವಿನ ನಕ್ಷತ್ರವು ಊಹೆಗೆ ಮೀರಿದ ರಾಕ್ಷಸಗಾತ್ರದ್ದಾಗಿರಬೇಕು. ನಡುವಿನದು ಸಾಮಾನ್ಯ ನಕ್ಷತ್ರವಾದರೆ, ಸುತ್ತಲಿನವು ನಕ್ಷತ್ರವೆಂಬ ಹೆಸರಿಗೇ ಅರ್ಹವಲ್ಲದಷ್ಟು ಕಿರಿದಾಗಿರಬೇಕು. ಎರಡೂ ಅಸಂಭವ. ಉಳಿದುದು ಒಂದೇ ದಾರಿ. ಆ ಬೆಳಕು ನಕ್ಷತ್ರಗಳಿಂದಾದುದಲ್ಲ, ತಾನಾಗಿ ಹೊಳೆಯುವ ಯಾವುದೋ ತೆಳುವಾದ ದ್ರವ್ಯದಿಂದಾದುದು.

ಹೀಗೆ ಒಪ್ಪಿದರೆ ಕಳೆದುಕೊಳ್ಳಬೇಕಾದುದು ಎಷ್ಟೆಂಬುದನ್ನು ಓದುಗರು ಗಮನಿಸಬೇಕು. ಮಬ್ಬೆಲ್ಲವೂ ನಕ್ಷತ್ರಗಳೆಂದು ಅವನು ಐದು ವರ್ಷಗಳಿಂದ ಬೋಧಿಸಿದ್ದನು. ಅದನ್ನು ಸಾಧಿಸಿ ತೋರಿಸಲೆಂದೇ ದೊರೆಯ ಹಣದಿಂದ ಜಗತ್ತಿನ ಅತಿ ದೊಡ್ಡ ದೂರದರ್ಶಕವನ್ನು ನಿಲ್ಲಿಸಿದ್ದನು. ಈ ಒಂದು ಕಾಯವನ್ನು ಕಣ್ಣುತಪ್ಪಿನಿಂದಾದ ಅಪವಾದವೆಂದು ಬದಿಗಿಟ್ಟಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ. ಅಂತಹ ಉಪಕರಣ ಮತ್ತೊಬ್ಬರ ಬಳಿ ಇರಲಿಲ್ಲವಷ್ಟೆ. ಹರ್ಷೆಲನು ಹಾಗೆ ಮಾಡಲಿಲ್ಲ. ಮರುವರ್ಷವೇ, ೧೭೯೧ರಲ್ಲಿ, ತನ್ನ ಹಿಂದಿನ ಮತವು ಅವಸರದ್ದೆಂದು ಒಪ್ಪಿ ರಾಯಲ್ ಸೊಸೈಟಿಗೆ ಪ್ರಬಂಧವನ್ನು ಸಲ್ಲಿಸಿದನು. ಮಹಾವ್ಯಾಧನ ಮಬ್ಬೂ ಅಂತಹ ದ್ರವ್ಯವೇ ಇರಬಹುದೆಂದನು. ಅಲ್ಲಿಂದ ಮುಂದಿನ ಹೆಜ್ಜೆ ಸಹಜವಾಗಿ ಬಂದಿತು. ಹೊಳೆಯುವ ದ್ರವ್ಯವು ನಕ್ಷತ್ರವಿಲ್ಲದೆಯೂ ಇರಬಲ್ಲುದಾದರೆ, ಅದು ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರವಾಗಬಾರದೇಕೆ? ತೋಟದ ಬೀಜ ಸಿಕ್ಕಿತು.

ಇಪ್ಪತ್ತು ವರ್ಷ ಅವನು ಆ ವಿಚಾರವನ್ನು ಮಾಗಗೊಟ್ಟನು. ೧೮೧೧ ಮತ್ತು ೧೮೧೪ರ ಪ್ರಬಂಧಗಳಲ್ಲಿ ತಾನು ಕಂಡ ನೀಹಾರಿಕೆಗಳನ್ನೆಲ್ಲ ಸಾಲಾಗಿ ಜೋಡಿಸಿದನು. ಮೊದಲಿಗೆ ಹರಡಿಕೊಂಡ ನಿರಾಕಾರ ಮಬ್ಬು, ಆಮೇಲೆ ಅಲ್ಲಲ್ಲಿ ಗಟ್ಟಿಯಾದುದು, ನಡುವೆ ಬೀಜಗಟ್ಟಿದುದು, ಮಬ್ಬಿನ ಕೊಡೆಯುಳ್ಳ ನಕ್ಷತ್ರ, ಕಡೆಗೆ ಶುದ್ಧ ನಕ್ಷತ್ರ. ಪಕ್ಕಪಕ್ಕದ ಎರಡರ ನಡುವೆ ಹೆಚ್ಚಿನ ಅಂತರವೇ ತೋರದಂತಹ ಸಾಲು ಅದು. ಫ್ರಾನ್ಸಿನ ಲಾಪ್ಲಾಸನು ೧೭೯೬ರಲ್ಲಿ ಸೂರ್ಯನೂ ಗ್ರಹಗಳೂ ಸುತ್ತುವ ನೀಹಾರಿಕೆಯಿಂದ ಹುಟ್ಟಿದುವೆಂದು ಊಹಿಸಿದ್ದನು. ಲಾಪ್ಲಾಸನ ಊಹೆಗೆ ಹರ್ಷೆಲನ ಕಣ್ಣು ಸಾಕ್ಷಿ ನುಡಿದಂತಾಯಿತು.

ಅವನನ್ನು ತಪ್ಪೇ ಮಾಡದ ಮಹಾಪುರುಷನೆಂದು ಚಿತ್ರಿಸುವುದು ಸರಿಯಾಗದು. ಸೂರ್ಯನ ಹೊಳೆಯುವ ಹೊದಿಕೆಯ ಕೆಳಗೆ ತಂಪಾದ ನೆಲವಿದ್ದು ಅಲ್ಲಿ ಜೀವಿಗಳು ವಾಸಿಸಬಹುದೆಂಬ ನಂಬಿಕೆಯನ್ನು ಅವನು ಬಿಡಲೇ ಇಲ್ಲ. ಮನೆಯೊಳಗೂ ಒಂದು ನೋವು ಉಳಿಯಿತು. ೧೭೮೮ರಲ್ಲಿ ಅವನು ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದಾಗ, ಹದಿನಾರು ವರ್ಷ ಆ ಮನೆಯ ಯಜಮಾನಿಕೆ ನಡೆಸಿದ್ದ ಕ್ಯಾರೊಲಿನಳು ಬೇರೆ ಬಿಡಾರಕ್ಕೆ ಹೋಗಬೇಕಾಯಿತು. ರಾತ್ರಿಯ ಕೆಲಸಕ್ಕೆ ಮಾತ್ರ ತಪ್ಪದೆ ಬಂದಳು. ಆ ಕಾಲದ ಸುಮಾರು ಹತ್ತು ವರ್ಷಗಳ ತನ್ನ ದಿನಚರಿಯನ್ನು ಆಮೇಲೆ ಅವಳೇ ನಾಶಮಾಡಿದಳು. ಕಾಲ ಕಳೆದಂತೆ ಮನಸ್ಸು ತಿಳಿಯಾಯಿತು. ೧೭೯೨ರಲ್ಲಿ ಹುಟ್ಟಿದ ಅಣ್ಣನ ಮಗ ಜಾನನು ಅವಳ ಕಣ್ಮಣಿಯಾದನು.

ಹರ್ಷೆಲನ ಇನ್ನೊಂದು ಶೋಧವನ್ನು ಇಲ್ಲಿ ನೆನೆಯಬೇಕು. ೧೮೦೦ರಲ್ಲಿ ಅವನು ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಹರಡಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನಿಂದಾಚೆಗೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿಯೂ ಪಾದರಸ ಏರಿತು. ಕಾಣದ ಕಿರಣಗಳೂ ಉಂಟೆಂದು ಲೋಕಕ್ಕೆ ತಿಳಿದುದು ಹಾಗೆ. ಅವಕೆಂಪು ಕಿರಣಗಳೆಂದು ಈಗ ನಾವು ಕರೆಯುವುದು ಅವನ್ನೇ.

೧೮೨೨ರ ಆಗಸ್ಟ್ ೨೫ರಂದು ಸ್ಲೌ ಮನೆಯಲ್ಲಿ ಹರ್ಷೆಲನು ತೀರಿಕೊಂಡನು. ಎಂಬತ್ತನಾಲ್ಕು ತುಂಬಲು ಮೂರು ತಿಂಗಳೂ ಉಳಿದಿರಲಿಲ್ಲ. ಅವನು ಕಂಡ ಯುರೇನಸ್ ಗ್ರಹವು ಸೂರ್ಯನನ್ನು ಒಮ್ಮೆ ಸುತ್ತುವುದೂ ಎಂಬತ್ತನಾಲ್ಕು ವರ್ಷಗಳಲ್ಲಿಯೇ. ಕ್ಯಾರೊಲಿನಳು ಹ್ಯಾನೋವರಿಗೆ ಹಿಂದಿರುಗಿದಳು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಎರಡೂವರೆ ಸಾವಿರ ನೀಹಾರಿಕೆಗಳನ್ನು ಹೊಸ ಕ್ರಮದಲ್ಲಿ ಜೋಡಿಸಿ, ಜಾನನು ತಂದೆಯ ಕೆಲಸವನ್ನು ಮುಂದುವರಿಸಲು ಅನುವಾಗುವಂತೆ ಪಟ್ಟಿ ಬರೆದುಕೊಟ್ಟಳು. ಅದಕ್ಕಾಗಿ ೧೮೨೮ರಲ್ಲಿ ಲಂಡನ್ನಿನ ಖಗೋಲ ಸಂಘವು ಚಿನ್ನದ ಪದಕವನ್ನಿತ್ತಿತು. ೧೮೪೮ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಅವಳು ಕಣ್ಮುಚ್ಚಿದಳು.

ನೀಹಾರಿಕೆಗಳ ವ್ಯಾಜ್ಯ ಅಷ್ಟಕ್ಕೆ ತೀರಲಿಲ್ಲ. ಐರ್ಲೆಂಡಿನ ರಾಸ್ ಪ್ರಭುವು ೧೮೪೫ರಲ್ಲಿ ಆರು ಅಡಿ ಅಗಲದ ದರ್ಪಣವನ್ನು ನಿಲ್ಲಿಸಿದಾಗ ಇನ್ನೂ ಹಲವು ಮಬ್ಬುಗಳು ನಕ್ಷತ್ರಗಳಾಗಿ ಒಡೆದಂತೆ ತೋರಿ, ಹೊಳೆಯುವ ದ್ರವ್ಯವೆಂಬುದೇ ಭ್ರಮೆಯೆಂಬ ಮಾತು ಮತ್ತೆ ಎದ್ದಿತು. ೧೮೬೪ರ ಆಗಸ್ಟ್ ೨೯ರಂದು ವಿಲಿಯಂ ಹಗ್ಗಿನ್ಸ್ ಎಂಬ ಆಂಗ್ಲನು ಒಂದು ನೀಹಾರಿಕೆಯ ಬೆಳಕನ್ನು ರೋಹಿತದರ್ಶಕದಿಂದ ಪರೀಕ್ಷಿಸಿದನು. ನಕ್ಷತ್ರಗಳಲ್ಲಿ ಕಾಣುವ ಅಖಂಡ ಬಣ್ಣದ ಪಟ್ಟೆಯ ಬದಲು ಬಿಡಿಬಿಡಿಯಾದ ಪ್ರಕಾಶರೇಖೆಗಳು ಮಾತ್ರ ಕಂಡುವು. ಅದು ಕಾದ ಅನಿಲದ ಗುರುತು. ಆ ನೀಹಾರಿಕೆಯನ್ನು ಮೊದಲು ಕಂಡಿದ್ದವನು ಹರ್ಷೆಲನೇ, ೧೭೮೬ರಲ್ಲಿ. ಮಹಾವ್ಯಾಧನ ಮಬ್ಬೂ ಅನಿಲವೆಂದು ಹಗ್ಗಿನ್ಸನು ತೋರಿಸಿದನು. ಇನ್ನು ದೇವಯಾನಿಯ ನೀಹಾರಿಕೆಯ ಮಾತು. ೧೯೨೩ರಲ್ಲಿ ಎಡ್ವಿನ್ ಹಬಲನು ಅದರೊಳಗೆ ಕಂಡ ಮಿಡಿಯುವ ನಕ್ಷತ್ರವೊಂದರ ಸಹಾಯದಿಂದ ದೂರವನ್ನು ಅಳೆದಾಗ, ಅದು ನಮ್ಮ ಆಕಾಶಗಂಗೆಯಿಂದ ಹೊರಗಿರುವ ಮತ್ತೊಂದು ನಕ್ಷತ್ರದ್ವೀಪವೆಂದು, ಈಗಿನ ಮಾ‌ತಿನಲ್ಲಿ ಗೆಲಾಕ್ಸಿಯೆಂದು, ಸ್ಥಿರಪಟ್ಟಿತು. ಹರ್ಷೆಲನ ಪಟ್ಟಿಯಲ್ಲಿ ಹೆಚ್ಚಿನವು ಅಂತಹ ಗೆಲಾಕ್ಸಿಗಳೇ. ಅವನು ಕೆಡವಿದ ಮನೆಯೂ ನಿಂತಿತು, ಕಟ್ಟಿದ ಮನೆಯೂ ನಿಂತಿತು. ಸುರುಳಿ ಗೆಲಾಕ್ಸಿಗಳ ತೋಳುಗಳಲ್ಲಿ ಮಣಿಗಳಂತೆ ಹೊಳೆಯುವ ಅನಿಲರಾಶಿಗಳಿವೆ. ಅಲ್ಲಿಯೂ ನಕ್ಷತ್ರಗಳು ಹುಟ್ಟುತ್ತಿವೆ.

ವಿಧಿಯ ಒಂದು ಕುಚೋದ್ಯವನ್ನು ಮಾತ್ರ ಮರೆಯುವಂತಿಲ್ಲ. ೧೭೯೦ರ ಆ ರಾತ್ರಿ ಹರ್ಷೆಲನ ಮನಸ್ಸನ್ನು ತಿರುಗಿಸಿದ ನಕ್ಷತ್ರವು ಹುಟ್ಟುತ್ತಿರುವುದಲ್ಲ, ಸಾಯುತ್ತಿರುವುದು. ಇಂಧನ ತೀರಿದ ನಕ್ಷತ್ರವು ತನ್ನ ಹೊರಪದರವನ್ನು ಬಾನಿಗೆ ಊದಿಬಿಟ್ಟು ಒಳತಿರುಳಾಗಿ ಉಳಿಯುತ್ತದೆ. ಬಿಟ್ಟ ಅನಿಲವೇ ಆ ಕೊಡೆ. ಚಿತೆಯ ಹೊಗೆಯನ್ನು ಕಂಡು ಅವನು ತೊಟ್ಟಿಲಿನ ಇರವನ್ನು ತರ್ಕಿಸಿದನು. ಆದರೂ ತರ್ಕದ ಫಲ ಸತ್ಯವಾಗಿದ್ದಿತು. ಸುಮಾರು ೧೩೦೦ ಜ್ಯೋತಿರ್ವರ್ಷ ದೂರದ ಮಹಾವ್ಯಾಧನ ನೀಹಾರಿಕೆಯಲ್ಲಿ, ಶೂನ್ಯಕ್ಕಿಂತ ಇನ್ನೂರೈವತ್ತು ಡಿಗ್ರಿಗೂ ಕೆಳಗಿನ ಶೈತ್ಯದ ಜಲಜನಕದ ಮೋಡಗಳು ಸ್ವಂತ ಭಾರಕ್ಕೆ ಕುಸಿಯುತ್ತ, ಕುಸಿದಂತೆ ಕಾಯುತ್ತ, ನಡುವಿನಲ್ಲಿ ಪರಮಾಣು ಬೀಜಗಳು ಬೆಸೆಯುವಷ್ಟು ಶಾಖವಾದಾಗ ನಕ್ಷತ್ರಗಳಾಗಿ ಹೊತ್ತಿಕೊಳ್ಳುವುದನ್ನು ಇಂದಿನ ಉಪಕರಣಗಳು ತೋರಿಸಿವೆ. ಗ್ರಹಗಳು ರೂಪುಗೊಳ್ಳುವ ಧೂಳಿನ ತಟ್ಟೆಗಳನ್ನೂ ಅಲ್ಲಿ ಕಂಡಿದ್ದಾರೆ.

ಕ್ಯಾರೊಲಿನಳ ನೆನಪಿನಲ್ಲಿ ಉಳಿದಿದ್ದ ಒಂದು ರಾತ್ರಿಯಿಂದ ಈ ಕತೆಯನ್ನು ಮುಗಿಸಬಹುದು. ವೃಶ್ಚಿಕ ರಾಶಿಯನ್ನು ನೋಡುತ್ತಿದ್ದ ಅಣ್ಣನು ಬಹಳ ಹೊತ್ತು ಮಾತಿಲ್ಲದೆ ನಿಂತು, ಆಮೇಲೆ ಅಲ್ಲಿ ಆಕಾಶಕ್ಕೇ ತೂತು ಬಿದ್ದಿದೆಯೆಂದು ಉದ್ಗರಿಸಿದ್ದನು. ನಕ್ಷತ್ರಗಳ ನಡುವೆ ಒಂದೂ ನಕ್ಷತ್ರವಿಲ್ಲದ ಕಪ್ಪು ಜಾಗವದು. ಮುಂದೆ ಜಾನನು ದಕ್ಷಿಣದ ಆಕಾಶವನ್ನು ನೋಡಲು ಆಫ್ರಿಕದ ಗುಡ್‌ಹೋಪ್ ಭೂಶಿರಕ್ಕೆ ಹೋದಾಗ, ಆ ಕಪ್ಪು ಜಾಗವನ್ನು ಗಮನಿಸಬೇಕೆಂದು ಮುದುಕಿಯು ಹ್ಯಾನೋವರಿನಿಂದ ಕಾಗದ ಬರೆದಳು. ಆ ಕಪ್ಪು ಬರಿದಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡಿದ ದಟ್ಟವಾದ ಧೂಳುಮೋಡವೆಂದು ತಿಳಿಯಲು ಇನ್ನೊಂದು ಶತಮಾನ ಹಿಡಿಯಿತು. ಧೂಳನ್ನು ದಾಟಿ ಬರಬಲ್ಲ ಕಿರಣಗಳೆಂದರೆ ಹರ್ಷೆಲನು ಉಷ್ಣಮಾಪಕದಿಂದ ಕಂಡ ಆ ಕಾಣದ ಕಿರಣಗಳೇ. ಅವನ ಹೆಸರನ್ನೇ ಹೊತ್ತು ೨೦೦೯ರಿಂದ ೨೦೧೩ರವರೆಗೆ ಅಂತರಿಕ್ಷದಲ್ಲಿದ್ದು ಕೆಲಸಮಾಡಿದ ಮೂರೂವರೆ ಮೀಟರಿನ ದೂರದರ್ಶಕವು ಅವಕೆಂಪು ಬೆಳಕಿನಲ್ಲಿಯೇ ನಕ್ಷತ್ರಗಳ ಗರ್ಭಗೃಹಗಳನ್ನು ಶೋಧಿಸಿತು. ೨೦೨೩ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ವೃಶ್ಚಿಕದ ಅಂಚಿನ ಆ ಮೋಡದೊಳಕ್ಕೆ ಇಣುಕಿದಾಗ ಅಲ್ಲಿ ಸುಮಾರು ಐವತ್ತು ಎಳೆಯ ನಕ್ಷತ್ರಗಳು ಕಂಡುವು. ತೂತೆಂದು ಬಗೆದು ಹರ್ಷೆಲನು ಮೌನವಾಗಿ ನಿಂತ ಆ ಕತ್ತಲೆಯೇ ಅವನು ಜೀವಮಾನವಿಡೀ ಹುಡುಕಿದ ತವರುಮನೆ. ಅದರ ಬಾಗಿಲನ್ನು ತೆರೆಯುವ ಬೀಗದ ಕೈಯನ್ನೂ ಅವನೇ ಮಾಡಿಟ್ಟು ಹೋಗಿದ್ದನು.